ಆಸ್ತಿ ಭದ್ರತೆಯ ಆನ್‌ಲೈನ್ ಸಾಲ: ಹೂಡಿಕೆದಾರರ ಅನುಭವ ಕಲಿಸುವ ಪಾಠ

ಶೇಡಬಾಳ, ಉಗಾರ, ಕಾಗವಾಡ ಪರಿಸರದಲ್ಲಿ ಕಬ್ಬಿನ ಬಿಲ್ಲು ರೈತರ ಕೈಸೇರುವ ಕಾಲ ಬಂದಿತೆಂದರೆ ಅಂಗಡಿಗಳ ಉದ್ರಿ ಖಾತೆ ಹಗುರವಾಗುತ್ತದೆ. ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ಬಂಡವಾಳ ಮರಳಿ ಬರುತ್ತದೆ. ಮುಂದಿನ ಹಂಗಾಮಿನ ಖರೀದಿಯವರೆಗೆ ಈ ಹಣವನ್ನು ಎಲ್ಲಿ ತೊಡಗಿಸಬೇಕೆಂಬುದು ನಮ್ಮ ಭಾಗದ ವರ್ತಕರಿಗೆ ಹೊಸ ಪ್ರಶ್ನೆಯಲ್ಲ. ಹಿಂದಿನವರು ಪರಿಚಿತರಿಗೆ ಕೈಗಡ ಕೊಟ್ಟರು. ಹೊಲ ಮನೆಗಳನ್ನು ಅಡವು ಬರೆಸಿಕೊಂಡು ಸಾಲ ನೀಡಿದರು. ಪತ್ತಿನ ಸಹಕಾರಿ ಸಂಘಗಳಲ್ಲಿ ಠೇವಣಿ ಇಟ್ಟರು. ಈಗ ಇದೇ ಹಣವನ್ನು ಮೊಬೈಲಿನ ಮೂಲಕವೇ ದೂರದೂರಿನ ಅಪರಿಚಿತರಿಗೆ ಸಾಲವಾಗಿ ಕೊಡಬಹುದೆಂದೂ, ಅದಕ್ಕೆ ಕಟ್ಟಡ ಅಥವಾ ನಿವೇಶನದ ಭದ್ರತೆ ಇರುವುದೆಂದೂ ಹೇಳುವ ಕರೆಗಳು ಬರುತ್ತಿವೆ. ಬ್ಯಾಂಕಿನ ಬಡ್ಡಿಗಿಂತ ಹೆಚ್ಚು ಆದಾಯ, ಜೊತೆಗೆ ಆಸ್ತಿಯ ಆಧಾರ ಎಂಬ ಮಾತು ಯಾರನ್ನೂ ಆಕರ್ಷಿಸುವಂಥದೇ. ಆದುದರಿಂದಲೇ ಇದರ ಒಳಹೊರಗನ್ನು ವ್ಯಾಪಾರಿ ಬಂಧುಗಳು ಅರಿತಿರುವುದು ಅವಶ್ಯ.

ಬ್ರಿಟನ್ನಿನ ಅನುಭವ

ವ್ಯಕ್ತಿಯಿಂದ ವ್ಯಕ್ತಿಗೆ ಸಾಲ, ಅಂದರೆ ಪಿ-ಟು-ಪಿ ಪದ್ಧತಿಯು 2005ರಲ್ಲಿ ಬ್ರಿಟನ್ನಿನ ಝೋಪಾ ಸಂಸ್ಥೆಯಿಂದ ಆರಂಭವಾಯಿತು. ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಸಾಲ ಕೊಡುವವನನ್ನೂ ಪಡೆಯುವವನನ್ನೂ ಒಂದೆಡೆ ತರುವುದು ಇದರ ಉದ್ದೇಶ. ಮುಂದೆ ಕಟ್ಟಡ ನಿರ್ಮಾಣಗಾರರಿಗೆ ಆಸ್ತಿ ಅಡಮಾನದ ಮೇಲೆ ಸಾಲ ಕೊಡಿಸುವ ವೇದಿಕೆಗಳೂ ಅಲ್ಲಿ ಹುಟ್ಟಿಕೊಂಡವು. ಅವುಗಳಲ್ಲಿ ಲೆಂಡಿ ಎಂಬುದು ಪ್ರಮುಖವಾದುದು. ಶೇಕಡಾ 12ರವರೆಗೆ ಬಡ್ಡಿಯ ಆಕರ್ಷಣೆ, ಹೆಸರಾಂತ ಹಾಯಿದೋಣಿ ಪಂದ್ಯಗಳ ಪ್ರಾಯೋಜಕತ್ವ ಇವೆಲ್ಲದರಿಂದ ಅದು ಜನರ ವಿಶ್ವಾಸ ಗಳಿಸಿತು. 2018ರ ಜುಲೈಯಲ್ಲಿ ಅಲ್ಲಿನ ನಿಯಂತ್ರಣ ಪ್ರಾಧಿಕಾರದ ಪೂರ್ಣ ಮಾನ್ಯತೆಯೂ ದೊರೆಯಿತು. ಆದರೆ ಒಂದು ವರ್ಷ ತುಂಬುವ ಮೊದಲೇ, 2019ರ ಮೇ ತಿಂಗಳಿನಲ್ಲಿ ಆ ಸಂಸ್ಥೆ ಕುಸಿದು ಆಡಳಿತಾಧಿಕಾರಿಗಳ ವಶವಾಯಿತು. ಆಗ ಬಾಕಿಯಿದ್ದ ಸಾಲ 16 ಕೋಟಿ ಪೌಂಡಿಗೂ ಅಧಿಕ. ಅದರಲ್ಲಿ ಕನಿಷ್ಠ 9 ಕೋಟಿ ಪೌಂಡ್ ಸುಸ್ತಿಯಾಗಿತ್ತು.

ಆಸ್ತಿಯ ಭದ್ರತೆ ಇದ್ದೂ ಹೂಡಿಕೆದಾರರ ಹಣಕ್ಕೆ ಕುತ್ತು ಬಂದುದೇಕೆ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ನಿರ್ಮಾಣದ ಸಾಲದಲ್ಲಿ ಆಸ್ತಿಯ ಬೆಲೆಯನ್ನು ಕಟ್ಟಡ ಪೂರ್ಣಗೊಂಡ ನಂತರದ ಅಂದಾಜಿನಂತೆ ಕಟ್ಟುವುದುಂಟು. ಕಾಮಗಾರಿ ಅರ್ಧಕ್ಕೆ ನಿಂತರೆ ಆ ಬೆಲೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಮಾರಾಟಕ್ಕೆ ವರ್ಷಗಳು ಹಿಡಿಯುತ್ತವೆ. ಬಂದ ಹಣದಲ್ಲಿಯೂ ವಕೀಲರ ಮತ್ತು ಆಡಳಿತಾಧಿಕಾರಿಗಳ ಶುಲ್ಕ ಕಳೆದು ಉಳಿದುದು ಮಾತ್ರ ಸಾಲಿಗರ ಪಾಲಿಗೆ. ಈ ಬಗೆಯ ಅನುಭವಗಳ ತರುವಾಯ 2019ರ ಡಿಸೆಂಬರಿನಿಂದ ಬ್ರಿಟನ್, ಹೊಸ ಸಾಮಾನ್ಯ ಹೂಡಿಕೆದಾರರು ತಮ್ಮ ಹೂಡಿಕೆಯೋಗ್ಯ ಸಂಪತ್ತಿನ ಶೇಕಡಾ 10ಕ್ಕಿಂತ ಹೆಚ್ಚನ್ನು ಇಂಥ ಸಾಲಗಳಲ್ಲಿ ತೊಡಗಿಸದಂತೆ ಮಿತಿ ಹೇರಿತು. ಪದ್ಧತಿಯ ಜನಕನಾದ ಝೋಪಾ ಕೂಡ 2021ರಲ್ಲಿ ಈ ವ್ಯವಹಾರದಿಂದ ಹಿಂದೆ ಸರಿಯಿತು.

ನಮ್ಮ ದೇಶದ ನಿಯಮ

ಭಾರತೀಯ ರಿಜರ್ವ್ ಬ್ಯಾಂಕು 2017ರ ಅಕ್ಟೋಬರಿನಲ್ಲಿ ಪಿ-ಟು-ಪಿ ವೇದಿಕೆಗಳಿಗೆ ನಿರ್ದೇಶನಗಳನ್ನು ಹೊರಡಿಸಿತು. ಅವುಗಳಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ನಿಯಮವೆಂದರೆ, ಈ ವೇದಿಕೆಗಳಲ್ಲಿ ಭದ್ರತೆಯಿಲ್ಲದ ಸಾಲಕ್ಕೆ ಮಾತ್ರ ಅವಕಾಶ. ಅಡಮಾನ ಸಾಲಕ್ಕೆ ಅವಕಾಶವಿಲ್ಲ. ಎಂದಮೇಲೆ "ನಮ್ಮದು ರಿಜರ್ವ್ ಬ್ಯಾಂಕಿನ ಪರವಾನಗಿ ಪಡೆದ ಪಿ-ಟು-ಪಿ ವೇದಿಕೆ, ನಿಮ್ಮ ಹಣಕ್ಕೆ ಆಸ್ತಿಯ ಭದ್ರತೆಯಿದೆ" ಎಂದು ಯಾರಾದರೂ ಹೇಳಿದರೆ, ಆ ಎರಡು ಮಾತುಗಳಲ್ಲಿ ಒಂದು ಸುಳ್ಳೆಂದೇ ತಿಳಿಯಬೇಕು.

ಉಳಿದ ಮಿತಿಗಳೂ ಸ್ಪಷ್ಟವಾಗಿವೆ. ಒಬ್ಬ ಸಾಲಿಗನು ಒಬ್ಬ ಸಾಲಗಾರನಿಗೆ ರೂ. 50,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಎಲ್ಲ ವೇದಿಕೆಗಳಲ್ಲೂ ಸೇರಿ ಒಬ್ಬನು ತೊಡಗಿಸಬಹುದಾದ ಮೊತ್ತ ಮೊದಲು ರೂ. 10 ಲಕ್ಷವಿದ್ದುದು 2019ರ ಡಿಸೆಂಬರಿನಲ್ಲಿ ರೂ. 50 ಲಕ್ಷಕ್ಕೆ ಏರಿತು. 10 ಲಕ್ಷ ಮೀರಿದರೆ ನಿವ್ವಳ ಸಂಪತ್ತಿನ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಹಣವು ವೇದಿಕೆಯ ಸ್ವಂತ ಖಾತೆಗೆ ಹೋಗದೆ ಎಸ್ಕ್ರೋ ಖಾತೆಯ ಮೂಲಕವೇ ಸಾಗಬೇಕು. ಕೆಲವು ವೇದಿಕೆಗಳು ಇದನ್ನು ಠೇವಣಿಯಂತೆ ಬಿಂಬಿಸಿ, ಬೇಕಾದಾಗ ಹಣ ವಾಪಸು ಎಂದು ಪ್ರಚಾರ ಮಾಡತೊಡಗಿದಾಗ, ರಿಜರ್ವ್ ಬ್ಯಾಂಕು 2024ರ ಆಗಸ್ಟಿನಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಖಚಿತ ಆದಾಯದ ಭರವಸೆಯೊಡನೆ ಇದನ್ನು ಹೂಡಿಕೆಯ ಯೋಜನೆಯೆಂದು ಪ್ರಚಾರ ಮಾಡುವಂತಿಲ್ಲ. ಅಸಲು ಬಡ್ಡಿಗಳ ನಷ್ಟವೆಲ್ಲ ಸಾಲ ಕೊಟ್ಟವನದೇ ಎಂದು ಅದು ಸ್ಪಷ್ಟಪಡಿಸಿತು.

ಒಂದು ಸಣ್ಣ ಲೆಕ್ಕ

ಶೇಡಬಾಳದ ಒಬ್ಬ ವರ್ತಕರು ರೂ. 10 ಲಕ್ಷವನ್ನು ತಲಾ 50,000ದಂತೆ 20 ಜನರಿಗೆ, ವಾರ್ಷಿಕ ಶೇಕಡಾ 14ರ ಬಡ್ಡಿಯಲ್ಲಿ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಬರುವಂತೆ ಕೊಟ್ಟರೆಂದು ಭಾವಿಸೋಣ. ಇಬ್ಬರು ಕೈಯೆತ್ತಿದರೆ ಉಳಿದ 18 ಜನರಿಂದ ಬರುವ ಬಡ್ಡಿ ರೂ. 1,26,000, ಮುಳುಗಿದ ಅಸಲು ರೂ. 1,00,000. ಮೇಲ್ನೋಟಕ್ಕೆ ರೂ. 26,000 ಲಾಭ. ಆದರೆ ಲೇವಾದೇವಿಯನ್ನೇ ಉದ್ಯೋಗವಾಗಿ ಮಾಡಿಕೊಳ್ಳದ ವ್ಯಕ್ತಿಗೆ, ಮುಳುಗಿದ ಅಸಲನ್ನು ಬಡ್ಡಿಯ ಆದಾಯದಲ್ಲಿ ಕಳೆದು ತೋರಿಸಲು ಸಾಮಾನ್ಯವಾಗಿ ಬರುವುದಿಲ್ಲ. ಅವರು ಶೇಕಡಾ 30ರ ತೆರಿಗೆ ಹಂತದಲ್ಲಿದ್ದರೆ ಪೂರ್ಣ ಬಡ್ಡಿಯ ಮೇಲೆ ರೂ. 37,800 ತೆರಿಗೆ ಕಟ್ಟಬೇಕು. ಕೊನೆಗೆ ಉಳಿಯುವುದು ರೂ. 11,800 ನಷ್ಟ. ವೇದಿಕೆಯ ಶುಲ್ಕ ಇದಕ್ಕೆ ಹೊರತು. ಬಡ್ಡಿಯ ಆಸೆಗೆ ಅಸಲು ಕಳೆದುಕೊಂಡರೆಂಬ ಮಾತು ಇಲ್ಲಿ ಅಂಕಿಗಳಲ್ಲೇ ಕಾಣುತ್ತದೆ.

ಆಸ್ತಿಯೇ ಬೇಕೆನ್ನುವವರಿಗೆ

ಆಸ್ತಿಯಲ್ಲಿ ಪಾಲು ಹೊಂದಬಯಸುವವರಿಗೆ ಸೆಬಿಯು 2024ರ ಮಾರ್ಚ್ ತಿಂಗಳಿನಲ್ಲಿ ಸಣ್ಣ ಮತ್ತು ಮಧ್ಯಮ ರೀಟ್‌ಗಳ ಚೌಕಟ್ಟನ್ನು ರೂಪಿಸಿತು. ಕನಿಷ್ಠ ಹೂಡಿಕೆ ರೂ. 10 ಲಕ್ಷ, ಶೇಕಡಾ 95ರಷ್ಟು ಹಣ ಪೂರ್ಣಗೊಂಡು ಬಾಡಿಗೆ ತರುತ್ತಿರುವ ಆಸ್ತಿಯಲ್ಲೇ ಇರಬೇಕು. ಈ ಬಗೆಯ ದೇಶದ ಮೊದಲ ಯೋಜನೆಯಾದ ಪ್ರಾಪ್‌ಶೇರ್ ಪ್ಲಾಟಿನಾ ನಮ್ಮ ಬೆಂಗಳೂರಿನ ಕಚೇರಿ ಕಟ್ಟಡವೊಂದನ್ನು ಆಧರಿಸಿದ್ದು, ರೂ. 353 ಕೋಟಿ ಸಂಗ್ರಹಿಸಿ 2024ರ ಡಿಸೆಂಬರಿನಲ್ಲಿ ಮುಂಬಯಿ ಷೇರುಪೇಟೆಯಲ್ಲಿ ನೋಂದಾಯಿತವಾಯಿತು. ಇದು ಸಾಲವಲ್ಲ, ಪಾಲು. ಬಾಡಿಗೆ ಇಳಿದರೆ ಆದಾಯವೂ ಇಳಿಯುತ್ತದೆ. ಮಾರಲು ಹೊರಟಾಗ ಕೊಳ್ಳುವವರು ಸಿಗಬೇಕು. ಹಂಗಾಮಿಗೆ ಬೇಕಾಗುವ ಹಣಕ್ಕೆ ಇದೂ ಸೂಕ್ತ ಸ್ಥಳವಲ್ಲ.

ಇನ್ನು ಊರಿನಲ್ಲೇ ಅಡವಿನ ಮೇಲೆ ಸಾಲ ಕೊಡುವವರೂ ಎಚ್ಚರ ವಹಿಸುವುದು ಲೇಸು. ಉತಾರದ ಪ್ರತಿ ಅಥವಾ ಖರೀದಿ ಪತ್ರವನ್ನು ತಿಜೋರಿಯಲ್ಲಿಟ್ಟುಕೊಂಡ ಮಾತ್ರಕ್ಕೆ ನಮ್ಮಂಥ ಊರುಗಳಲ್ಲಿ ಅಡಮಾನವಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಸಾದಾ ಅಡಮಾನ ಪತ್ರವು ಇಬ್ಬರು ಸಾಕ್ಷಿಗಳೊಡನೆ ನೋಂದಣಿಯಾಗಬೇಕು. ವಾಗ್ದಾನ ಪತ್ರದ ಮೇಲಿನ ದಾವೆಗೆ ಮೂರು ವರ್ಷ ಕಾಲಮಿತಿಯಾದರೆ, ಅಡಮಾನದ ಹಣಕ್ಕೆ ಹನ್ನೆರಡು ವರ್ಷ. ಬಡ್ಡಿ ವ್ಯವಹಾರವನ್ನೇ ನಡೆಸುವವರಿಗೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಡಿ ಪರವಾನಗಿ ಬೇಕು. ರೂ. 20,000 ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ ಎಂಬುದನ್ನೂ ಮರೆಯಲಾಗದು.

ಕೊನೆಯದಾಗಿ

ಹಣ ತೊಡಗಿಸುವ ಮೊದಲು ಸಂಸ್ಥೆಯ ಹೆಸರು ರಿಜರ್ವ್ ಬ್ಯಾಂಕಿನ ನೋಂದಾಯಿತ ಸಂಸ್ಥೆಗಳ ಪಟ್ಟಿಯಲ್ಲಿ ಇದೆಯೇ, ಹಣ ಯಾರ ಖಾತೆಗೆ ಹೋಗುತ್ತದೆ, ಸಾಲಗಾರನು ಯಾರು, ಆಸ್ತಿಯ ಮೇಲೆ ಮೊದಲ ಬೋಜಾ ಯಾರದು, ಕರಾರಿನಲ್ಲಿ ನಮ್ಮ ಎದುರು ಪಕ್ಷ ಸಾಲಗಾರನೋ ವೇದಿಕೆಯೋ ಎಂಬ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಉತ್ತರ ಸಿಗದಿದ್ದಲ್ಲಿ ಹಣ ಕೊಡದಿರುವುದೇ ಕ್ಷೇಮ. ಅನಧಿಕೃತವಾಗಿ ಠೇವಣಿ ಸಂಗ್ರಹಿಸುವವರ ವಿರುದ್ಧ ರಿಜರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಮತ್ತು 2019ರ ಕೇಂದ್ರ ಕಾಯ್ದೆಗಳು ಆಸ್ತಿ ಜಪ್ತಿಗೆ ಅವಕಾಶ ನೀಡಿವೆ. ಆದರೆ ಜಪ್ತಿಯಿಂದ ಹಣ ಕೈಸೇರುವ ದಾರಿ ದೀರ್ಘವಾದುದು. ಅಷ್ಟರಲ್ಲಿ ಎಷ್ಟೋ ಹಂಗಾಮುಗಳು ಕಳೆದಿರುತ್ತವೆ. ಮಾಲು ತುಂಬಲು ಹಣವಿಲ್ಲದ ಅಂಗಡಿ ಅಲ್ಲಿಯವರೆಗೆ ಕಾಯಲಾರದು. ವ್ಯಾಪಾರದ ದುಡಿಯುವ ಬಂಡವಾಳವನ್ನು ಇಂಥ ಸಾಲಗಳಿಂದ ದೂರವಿಟ್ಟು, ಕಳೆದುಕೊಂಡರೂ ಅಂಗಡಿಯ ಬಾಗಿಲು ಮುಚ್ಚದಷ್ಟು ಹಣವನ್ನು ಮಾತ್ರ ಪ್ರಯೋಗಕ್ಕೆ ಒಡ್ಡುವುದು ವಿವೇಕದ ಮಾರ್ಗ.