ಹಳೆಯ ಲೆನ್ಸಿಗೆ ಹೊಸ ಕ್ಯಾಮೆರಾದ ನಂಟು

ಮುಂಬಯಿ: ಚೋರ್ ಬಜಾರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಫೋರ್ಟ್‌ನ ಬೋರಾ ಬಜಾರಿನಲ್ಲಿ ಸುತ್ತಾಡುವ ಕೆಲವು ಹವ್ಯಾಸಿ ಛಾಯಾಗ್ರಾಹಕರ ಕಣ್ಣು ಫಿಲ್ಮ್ ಕಾಲದ ಲೆನ್ಸುಗಳ ಮೇಲೆ. ಫೋಕಸ್ ಮಾಡಲು ಇವುಗಳ ಉಂಗುರವನ್ನು ಕೈಯಲ್ಲೇ ತಿರುಗಿಸಬೇಕು.

ಡಿಜಿಟಲ್ ಬಂದಾಗ ಮೂಲೆ ಸೇರಿದ್ದ ಈ ಲೆನ್ಸುಗಳಿಗೆ ಮರುಜೀವ ಕೊಟ್ಟದ್ದು 2008ರಿಂದೀಚೆಗೆ ಬಂದ ಮಿರರ್‌ಲೆಸ್ ಕ್ಯಾಮೆರಾಗಳು. ಒಳಗೆ ಕನ್ನಡಿ ಇಲ್ಲದ್ದರಿಂದ ಅವು ತೆಳು. ಲೆನ್ಸಿಗೆ ಬೇಕಾದ ಉಳಿದ ಅಂತರವನ್ನು ಅಡಾಪ್ಟರ್ ಬಳೆಯೊಂದು ತುಂಬಿಕೊಡುತ್ತದೆ.

ಸೋವಿಯತ್ ಕಾಲದ 58 ಮಿ.ಮೀ. ಹೀಲಿಯೋಸ್ 44-2 ಹಲವರಿಗೆ ಅಚ್ಚುಮೆಚ್ಚು. ಮುಖ ಸ್ಪಷ್ಟವಾಗಿ ಮೂಡಿ, ಹಿಂದಿನ ಎಲೆಗಳು ಸುಳಿಯಂತೆ ಸುತ್ತಿದ ಹಾಗೆ ಕಾಣುತ್ತವೆ.

ಆದರೆ ಮುಂಬಯಿಯ ಮಳೆಗಾಲ ಇವುಗಳ ಶತ್ರು. ತೇವಕ್ಕೆ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಹಾಗೆಯೇ ಬಿಟ್ಟರೆ ಲೇಪನವೇ ಹಾಳಾಗಿ, ಒರೆಸಿದರೂ ಕಲೆ ಹೋಗದು. ಆದ್ದರಿಂದ ಕೊಳ್ಳುವ ಮೊದಲು ಟಾರ್ಚ್ ಹಾಕಿ ಒಳಗೆ ನೋಡಬೇಕು. ಮನೆಯಲ್ಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಬೇಕು.

ಊರಿನ ಮನೆಯ ಅಟ್ಟದಲ್ಲಿ ಲೆನ್ಸ್ ಬಿಚ್ಚಲು ಬರುವ ಹಳೆಯ ಕ್ಯಾಮೆರಾ ಇದ್ದರೆ, ಗುಜರಿಗೆ ಹಾಕುವ ಮುನ್ನ ಆ ಲೆನ್ಸನ್ನೊಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳಿತು.