ದೊಡ್ಡ ಗಣಕಕ್ಕೆ ಸಣ್ಣ ಡಿಸ್ಕುಗಳ ಆಸರೆ

ದುಡಿಮೆಗಾಗಿ ಊರು ಬಿಟ್ಟು ಮಹಾನಗರ ಸೇರಿದ ಕನ್ನಡಿಗನ ಉಳಿತಾಯವು ಇಂದು ಯಾವ ಲೆಡ್ಜರಿನಲ್ಲಿಯೂ ಇಲ್ಲ. ಪಾಸ್‌ಬುಕ್ಕಿನಲ್ಲಿ ಮುದ್ರಿತವಾಗಿರುವುದು ಅದರ ನೆರಳು ಮಾತ್ರ. ಮೂಲ ಲೆಕ್ಕವು ಎಲ್ಲಿಯೋ ಒಂದು ಗಣಕ ಕೇಂದ್ರದ ಡಿಸ್ಕುಗಳಲ್ಲಿ ಕಣ್ಣಿಗೆ ಕಾಣದ ಗುರುತುಗಳಾಗಿ ಕುಳಿತಿದೆ. ಆ ಡಿಸ್ಕು ಕೆಟ್ಟರೆ, ಆ ಕೇಂದ್ರಕ್ಕೆ ನೀರು ನುಗ್ಗಿದರೆ ಗತಿಯೇನು ಎಂಬ ಪ್ರಶ್ನೆಯು ಕೇವಲ ತಂತ್ರಜ್ಞರದಲ್ಲ. ಖಾತೆಯುಳ್ಳ ಪ್ರತಿಯೊಬ್ಬರದೂ ಹೌದು.

ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವುಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಮುಂದೆ ಮೇನ್‌ಫ್ರೇಮ್ ಎಂಬ ಬೃಹತ್ ಗಣಕಯಂತ್ರಗಳೊಡನೆ ಡಿಸ್ಕುಗಳ ಸಾಮರ್ಥ್ಯವೂ ಬೆಳೆಯಿತು. 1980ರ ದಶಕದ 3380 ಮಾದರಿಯಲ್ಲಿ ಒಂದು ಯಂತ್ರವು 7,500 ಮೆಗಾಬೈಟುಗಳನ್ನು ಹಿಡಿಯುತ್ತಿತ್ತು. ಬೆಲೆಯೂ ಅದಕ್ಕೆ ತಕ್ಕಂತೆ ಇತ್ತು. ಅದೇ ಕಾಲಕ್ಕೆ ಮೇಜಿನ ಮೇಲಿನ ಕಂಪ್ಯೂಟರುಗಳಿಗಾಗಿ 3.5 ಅಂಗುಲದ, 100 ಮೆಗಾಬೈಟಿನ ಪುಟ್ಟ ಡಿಸ್ಕುಗಳು ಅಗ್ಗವಾಗಿ ದೊರೆಯಲಾರಂಭಿಸಿದವು. ಇಂತಹ 75 ಪುಟ್ಟ ಡಿಸ್ಕುಗಳನ್ನು ಜೋಡಿಸಿದರೆ ದೊಡ್ಡದೊಂದರ ಕೆಲಸ ನಡೆಯಲಾರದೆ?

ಈ ಪ್ರಶ್ನೆಯನ್ನು 1988ರಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್. ಅಡ್ಡಿಯೊಂದು ಎದುರಿಗೇ ಇತ್ತು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ, 100 ಡಿಸ್ಕುಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಂದು, ಅಂದರೆ ಎರಡು ವಾರ ತುಂಬುವ ಮೊದಲೇ ಒಂದು, ಕೆಡುತ್ತದೆ. ಇದಕ್ಕೆ ಅವರು ವಿವರಿಸಿದ ಪರಿಹಾರಗಳಲ್ಲಿ ಒಂದನ್ನು ಲೆಕ್ಕ ಬರೆಯಬಲ್ಲ ಯಾರೂ ಗ್ರಹಿಸಬಲ್ಲರು. ನಾಲ್ಕು ಡಿಸ್ಕುಗಳಲ್ಲಿ 7, 4, 9, 5 ಎಂಬ ಅಂಕಿಗಳಿವೆಯೆನ್ನಿ. ಐದನೆಯದರಲ್ಲಿ ಅವುಗಳ ಮೊತ್ತವಾದ 25ನ್ನು ಬರೆದಿಡಬೇಕು. ಮೂರನೆಯ ಡಿಸ್ಕು ನಾಶವಾದರೆ 25ರಿಂದ ಉಳಿದ 16ನ್ನು ಕಳೆದರಾಯಿತು. ಹೋದ 9 ಮರಳಿ ಬರುತ್ತದೆ. ಯಂತ್ರವು ಹೀಗೆ ಮಾಡುವುದು ಸೊನ್ನೆ-ಒಂದುಗಳ ಮೇಲೆ. ತತ್ತ್ವ ಮಾತ್ರ ಇದೇ. ಈ ಏರ್ಪಾಟಿಗೆ ‘ರೇಡ್’ ಎಂಬ ಹೆಸರು ಬಂದಿತು.

ಮೇನ್‌ಫ್ರೇಮಾದರೋ ತನ್ನ ಹಳೆಯ ಡಿಸ್ಕಿನ ಭಾಷೆಯನ್ನೇ ಆಡುತ್ತದೆ. ಆದುದರಿಂದ ನಡುವೆ ದುಭಾಷಿಯಂತೆ ಒಂದು ನಿಯಂತ್ರಕವಿರುತ್ತದೆ. 1989ರಲ್ಲಿ ಬಂದ 3390 ಮಾದರಿಯ ಡಿಸ್ಕೊಂದು ತನ್ನೆದುರಿಗಿದೆ ಎಂದೇ ಮೇನ್‌ಫ್ರೇಮ್ ಇಂದಿಗೂ ಭಾವಿಸುತ್ತದೆ; ವಾಸ್ತವದಲ್ಲಿ ಅದರ ಹಿಂದೆ ಇರುವುದು ಸಣ್ಣ ಡಿಸ್ಕುಗಳ ಸಾಲು. ಆ ಮಾದರಿಯ ಒಂದು ಸಾಮಾನ್ಯ ಡಿಸ್ಕಿನ ಧಾರಣೆ ಸುಮಾರು 2.8 ಗಿಗಾಬೈಟು. ಇಂದು ಅದು ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಅಡಗಬಲ್ಲುದು. ಕಡತವಾದ ಮೇಲೆ ಅದನ್ನು ಜಾಲದ ಮೂಲಕ ದೂರದ ಊರಿಗೆ ಕಳುಹಿಸುವುದೂ ಸುಲಭ. ದಿನನಿತ್ಯದ ವೇಗದ ವ್ಯವಹಾರಕ್ಕೆ ಅಗ್ಗದ ಜಾಲ ಸಂಗ್ರಹವು ಸಾಲದೆ ಹೋಗಬಹುದು. ಆಪತ್ತಿನ ಪ್ರತಿಯನ್ನು ಕಾದಿಡಲು ಅದು ಯೋಗ್ಯವಾದುದು.

ದೂರ ಏಕೆ ಬೇಕು? 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನದೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಅಂತಹ ದಿನ ಮೂಲವೂ ಪ್ರತಿಯೂ ಒಂದೇ ಬಡಾವಣೆಯಲ್ಲಿದ್ದರೆ ಎರಡೂ ಒಟ್ಟಿಗೆ ಮುಳುಗುತ್ತವೆ. ಆದರೆ ದೂರಕ್ಕೆ ಬೆಲೆಯುಂಟು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 1,000 ಕಿಲೋಮೀಟರ್ ದೂರ ಹೋಗಿ ಬರಲು ಸೆಕೆಂಡಿನ ನೂರರಲ್ಲೊಂದು ಭಾಗ ತಗಲುತ್ತದೆ. ಪ್ರತಿಯೊಂದು ಜಮಾ-ಖರ್ಚೂ ಅಷ್ಟು ಕಾಯಬೇಕಾದರೆ ಕೌಂಟರಿನ ಸಾಲು ಬೆಳೆಯುತ್ತದೆ. ಆದಕಾರಣ ಸಮೀಪದ ಕೇಂದ್ರದಲ್ಲಿ ಒಡನೆಯೇ, ದೂರದ ಕೇಂದ್ರದಲ್ಲಿ ಕೊಂಚ ತಡವಾಗಿ ಪ್ರತಿ ಬರೆಯುವ ಪದ್ಧತಿಯಿದೆ. ಆ ತಡದ ಅವಧಿಯೇ ದುರಂತದಲ್ಲಿ ಕಳೆದುಹೋಗಬಹುದಾದ ಲೆಕ್ಕದ ಮಿತಿ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಡಿಸ್ಕು ಕೆಟ್ಟರೆ ರೇಡ್ ಕಾಯುತ್ತದೆ. ಮನುಷ್ಯ ತಪ್ಪಿದರೆ ಕಾಯದು. ಪ್ರಮಾದದಿಂದ ಅಳಿಸಿದ ಖಾತೆಯು ಪ್ರತಿಯಲ್ಲಿಯೂ ಅಷ್ಟೇ ನಿಷ್ಠೆಯಿಂದ ಅಳಿಸಿಹೋಗುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ಕಾರ್ಯಕ್ರಮಗಳ ಹಾವಳಿಯೂ ಹೀಗೆಯೇ ಹರಡಬಲ್ಲುದು. ಆದ್ದರಿಂದ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಪ್ರತಿಗಳು ಯಾರೂ ತಿದ್ದಲಾಗದಂತೆ, ಜಾಲದಿಂದ ಬೇರ್ಪಟ್ಟು ಇರತಕ್ಕದ್ದು.

ಕೊನೆಯದಾಗಿ, ತೆರೆದು ನೋಡದ ಪ್ರತಿಯು ಪ್ರತಿಯೇ ಅಲ್ಲ. ನಿಯತ ಕಾಲಕ್ಕೊಮ್ಮೆ ಮೂಲ ಕೇಂದ್ರವನ್ನು ಬದಿಗಿಟ್ಟು, ದೂರದ ಪ್ರತಿಯಿಂದಲೇ ಇಡೀ ದಿನದ ಕೆಲಸ ನಡೆಸಿ, ಸಂಜೆ ಲೆಕ್ಕ ಸರಿಹೊಂದಿತೇ ಎಂದು ಪರೀಕ್ಷಿಸಬೇಕು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಸದಸ್ಯರ ಪಟ್ಟಿ, ನಿಧಿಯ ಲೆಕ್ಕ, ಹಳೆಯ ಛಾಯಾಚಿತ್ರಗಳನ್ನು ಒಂದೇ ಕಂಪ್ಯೂಟರಿನಲ್ಲಿಟ್ಟುಕೊಂಡಿರುವ ಸಂಘಗಳಿಗೂ ಈ ಮಾತು ಸಲ್ಲುತ್ತದೆ: ಎರಡು ಡಿಸ್ಕುಗಳಲ್ಲಿ ಪ್ರತಿ ಮಾಡಿ, ಒಂದನ್ನು ಬೇರೊಂದು ಊರಿನಲ್ಲಿಟ್ಟು, ವರ್ಷಕ್ಕೊಮ್ಮೆ ಅದನ್ನು ತೆರೆದು ನೋಡುವುದು ಕ್ಷೇಮ.