ಹಪ್ಪಳ ಮುಗಿದಿತ್ತು, ಅಂಗಡಿಗೆ ಗೊತ್ತಿರಲಿಲ್ಲ

2022ರ ಆಗಸ್ಟ್. ಹೊರಗೆ ಬಿಡದ ಮಳೆ. ಉಗ್ರಾಣದ ಡಬ್ಬಗಳಲ್ಲಿ ಹಲಸಿನ ಹಪ್ಪಳ ಒಂದು ಕಟ್ಟೂ ಉಳಿದಿರಲಿಲ್ಲ. ನಮ್ಮ ಆನ್‌ಲೈನ್ ಅಂಗಡಿ ಮಾತ್ರ ‘ಲಭ್ಯವಿದೆ’ ಎಂದು ತೋರಿಸುತ್ತಲೇ ಇತ್ತು. ನನ್ನ ಗಮನಕ್ಕೆ ಬರುವಾಗ 62 ಕಟ್ಟಿಗೆ ಜನ ಹಣ ಕಟ್ಟಿಯಾಗಿತ್ತು.

ಬೇರೆ ಸಾಮಾನಾದರೆ ಎಲ್ಲಿಂದಾದರೂ ತಂದು ಕಳಿಸಬಹುದು. ಹಲಸಿನ ಹಪ್ಪಳ ಹಾಗಲ್ಲ. ಬೆಳೆದ ಕಾಯಿ ಇರಬೇಕು, ಒಣಗಿಸಲು ಬಿಸಿಲು ಬೇಕು. ನಮ್ಮಲ್ಲಿ ಎರಡೂ ಒಟ್ಟಿಗೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ನಾಲ್ಕು ಮನೆಯವರು ಸೇರಿ ಆಗ ಮಾಡಿದ್ದೇ ವರ್ಷಕ್ಕೆ. ಮತ್ತೆ ಬೇಕೆಂದರೆ ಮುಂದಿನ ಬೇಸಿಗೆ.

ಎಲ್ಲರಿಗೂ ಫೋನ್ ಮಾಡಿ ಹಣ ಹಿಂದೆ ಕೊಟ್ಟೆವು. ಗೇಟ್‌ವೇಯವರು ಮುರಿದುಕೊಂಡ ಕಮಿಷನ್ ನಮ್ಮ ಕೈಯಿಂದಲೇ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಬೆಂಗಳೂರಿನ ಒಬ್ಬ ಹಿರಿಯರ ಮಾತಿನಿಂದ. “ಇಲ್ಲದ್ದನ್ನು ಯಾಕೆ ಮಾರಿದ್ರಿ? ರೈತರು ಅಂತ ನಂಬಿ ತಗೊಂಡದ್ದು” ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಕೂತು ನೋಡಿದೆವು. ಮನೆಯಾಕೆಯ ಪುಸ್ತಕದಲ್ಲಿ ಲೆಕ್ಕ ಸರಿಯೇ ಇತ್ತು. ಪೇಟೆಯ ಅಂಗಡಿಗೆ ನಾನು ಕೊಟ್ಟದ್ದು, ಮೇಳದಲ್ಲಿ ಹೋದದ್ದು, ನೆಂಟರು ಒಯ್ದದ್ದು ಎಲ್ಲ ಬರೆದಿದ್ದಳು. ಆದರೆ ಪುಸ್ತಕದ ಲೆಕ್ಕವನ್ನು ಅಂಗಡಿಗೆ ತಿಳಿಸುವವರು ಯಾರೂ ಇರಲಿಲ್ಲ. ವಾರಕ್ಕೊಮ್ಮೆ ನೆನಪಾದಾಗ ನಾನು ಸಂಖ್ಯೆ ತಿದ್ದುತ್ತಿದ್ದೆ. ಶ್ರಾವಣದಲ್ಲಿ ಒಂದು ವಾರವೆಂದರೆ ಸಣ್ಣ ಸಮಯವಲ್ಲ.

ಎರಡು ಪುಸ್ತಕ ಒಂದಾಗಬೇಕು

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಅಣ್ಣನ ಮಗ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. “ಅಪ್ಪಚ್ಚಿ, ಇದಕ್ಕೆ ಇಆರ್‌ಪಿ ಬೇಕು” ಎಂದ. ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್ ಎಂಬುದು ಉದ್ದ ಹೆಸರು. ಹೆದರುವಂಥದ್ದೇನಲ್ಲ. ದಾಸ್ತಾನು, ಖರೀದಿ, ಮಾರಾಟ, ಬಿಲ್ಲು, ತೆರಿಗೆ, ಯಾರಿಂದ ಎಷ್ಟು ಬರಬೇಕು ಎಲ್ಲವನ್ನೂ ಒಂದೇ ಕಡೆ ಬರೆದಿಡುವ ಪುಸ್ತಕ ಅದು. ಒಂದು ಕಡೆ ಬರೆದರೆ ಸಂಬಂಧಪಟ್ಟ ಉಳಿದ ಕಡೆ ತಾನೇ ಬದಲಾಗುತ್ತದೆ.

ನಾವು ಹಾಕಿದ್ದು ಇಆರ್‌ಪಿ ನೆಕ್ಸ್ಟ್. ಮುಂಬಯಿಯ ಫ್ರಾಪ್ಪೆ ಎಂಬ ಸಂಸ್ಥೆ ಮಾಡಿದ್ದು. ಮುಕ್ತ ತಂತ್ರಾಂಶ, ಅದಕ್ಕೆ ಪರವಾನಗಿಯ ಹಣ ಕೊಡಬೇಕಿಲ್ಲ. ನಮ್ಮ ಅಂಗಡಿ ಇದ್ದದ್ದು ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್‌ನಲ್ಲಿ. ಅದೂ ಮುಕ್ತವೇ.

ಜೋಡಿಸುವುದೆಂದರೆ ನಾಳೆಯೇ ವಯರ್ ಎಳೆದಂತೆ ಆಗಿಬಿಡುತ್ತದೆಂದು ನಾನು ತಿಳಿದಿದ್ದೆ. ಹುಡುಗ ಕಂಪ್ಯೂಟರ್ ಮುಟ್ಟಲೇ ಇಲ್ಲ. ಎರಡು ದಿನ ಉಗ್ರಾಣದಲ್ಲಿ ಲೆಕ್ಕ ಹಾಕಿಸಿದ. ಆಮೇಲೆ ಹೆಸರಿನ ತಕರಾರು. ಮನೆಯಾಕೆಯ ಪುಸ್ತಕದಲ್ಲಿ ಒಳ್ಳೆಮೆಣಸು, ಅಂಗಡಿಯಲ್ಲಿ ಕಾಳುಮೆಣಸು, ನನ್ನ ಬಿಲ್ಲಿನಲ್ಲಿ ಬರೇ ಪೆಪ್ಪರ್. ನಮಗೆ ಮೂರೂ ಒಂದೇ, ಯಂತ್ರಕ್ಕೆ ಮೂರು ಬೇರೆ ಸಾಮಾನು. ಪ್ರತಿ ಪೊಟ್ಟಣಕ್ಕೂ ಒಂದು ಗುರುತು ಸಂಖ್ಯೆ ಇಟ್ಟು, ಅದನ್ನೇ ಎರಡೂ ಕಡೆ ಬರೆದೆವು. 100 ಗ್ರಾಮಿಗೆ ಒಂದು, 250ಕ್ಕೆ ಇನ್ನೊಂದು. ಜೋಡಣೆ ನಿಂತಿರುವುದು ಈ ಸಂಖ್ಯೆಯ ಮೇಲೆ. ಒಂದು ಅಕ್ಷರ ತಪ್ಪಿದರೂ ಆ ಆರ್ಡರ್ ದಾಸ್ತಾನಿಗೆ ತಗಲುವುದಿಲ್ಲ.

ಇನ್ನೊಂದು ತೊಡಕು ತೂಕದ್ದು. ಉಗ್ರಾಣದಲ್ಲಿ ಮೆಣಸು ಇರುವುದು ಗೋಣಿಯಲ್ಲಿ, ಕಿಲೋ ಲೆಕ್ಕ. ಅಂಗಡಿಗೆ ಗೊತ್ತಿರುವುದು ಪೊಟ್ಟಣ ಮಾತ್ರ. ಇದಕ್ಕೆ ಇಆರ್‌ಪಿಯಲ್ಲಿ ರೀಪ್ಯಾಕ್ ಎಂಬ ನಮೂದು ಉಂಟು. 10 ಕಿಲೋ ಗೋಣಿಯಿಂದ ತೆಗೆದೆವು, ಜರಡಿ ಹಿಡಿದು 98 ಪೊಟ್ಟಣ ಆಯಿತು ಎಂದು ಬರೆದರೆ ಗೋಣಿಯ ಲೆಕ್ಕ ಇಳಿಯುತ್ತದೆ, ಪೊಟ್ಟಣದ್ದು ಏರುತ್ತದೆ. ಕಟ್ಟಿಟ್ಟ ಪೊಟ್ಟಣವನ್ನು ಮಾತ್ರ ಅಂಗಡಿಗೆ ತೋರಿಸುವುದೆಂದು ನಿಶ್ಚಯ ಮಾಡಿದೆವು. ಗೋಣಿಯಲ್ಲಿ ಎಷ್ಟಿದ್ದರೂ ಅದು ಗಿರಾಕಿಗೆ ಕಾಣುವುದಿಲ್ಲ. ಕಾಣಿಸಿದರೆ ಲಾಭವೆಂದು ಹೇಳುವವರಿದ್ದಾರೆ. ಮಳೆಗಾಲದಲ್ಲಿ ಆತುರದಲ್ಲಿ ಪೊಟ್ಟಣ ಕಟ್ಟಿ ಬೂಸರು ಬರಿಸಿಕೊಂಡ ನನಗೆ ಆ ಲಾಭ ಬೇಡ.

ಯಜಮಾನ ಒಬ್ಬನೇ

ಯಾವ ವಿಷಯ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ದಾಸ್ತಾನು, ದರ ಇಆರ್‌ಪಿಯಿಂದ ಅಂಗಡಿಗೆ. ಆರ್ಡರ್, ಗಿರಾಕಿಯ ವಿಳಾಸ ಅಂಗಡಿಯಿಂದ ಇಆರ್‌ಪಿಗೆ. ಎರಡೂ ಕಡೆ ತಿದ್ದಲು ಬಿಟ್ಟರೆ ಯಾವುದು ಸರಿ ಎಂದು ದೇವರೇ ಹೇಳಬೇಕು. 2025ರ ಸೆಪ್ಟೆಂಬರ್ 22ರಂದು ಹಣ್ಣಿನ ಜಾಮಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಾಗ ನಾವು ಒಂದು ಕಡೆ ಮಾತ್ರ ತಿದ್ದಿದ್ದು. ಅಂಗಡಿಯ ದರವೂ ಬಿಲ್ಲೂ ಒಟ್ಟಿಗೆ ಸರಿಯಾದವು.

ಹಣ ಬಂದ ಆರ್ಡರನ್ನು ಮಾತ್ರ ಇಆರ್‌ಪಿಗೆ ಬಿಡಿ. ಬುಟ್ಟಿಗೆ ಹಾಕಿ, ಹಣ ಕಟ್ಟದೆ ಹೋಗುವವರು ತುಂಬ ಜನ. ಅವರದ್ದೂ ಒಳಗೆ ಬಂದರೆ ಇದ್ದ ಹಪ್ಪಳವೂ ಇಲ್ಲವೆಂದಾಗುತ್ತದೆ.

ಕಂಬ ಬಿತ್ತು, ಕೊಂಡಿ ಕಳಚಿತು

ಖರ್ಚು ಉಳಿಸಲು ಇಆರ್‌ಪಿಯನ್ನು ಮನೆಯ ಕಂಪ್ಯೂಟರಿನಲ್ಲೇ ಇಟ್ಟಿದ್ದೆವು. ಹುಡುಗ ಬೇಡವೆಂದಿದ್ದ, ನಾನೇ ಹಟ ಮಾಡಿದ್ದು. ಆರ್ಡರ್ ಬಂದ ಕೂಡಲೇ ಅಂಗಡಿಯೇ ಇತ್ತ ಸುದ್ದಿ ಕಳಿಸುವ ವ್ಯವಸ್ಥೆ, ವೆಬ್‌ಹುಕ್ ಎನ್ನುತ್ತಾರೆ. 2023ರ ಜುಲೈಯಲ್ಲಿ ಮರ ಬಿದ್ದು ಕಂಬ ಮುರಿದು ಮೂರು ದಿನ ಕರೆಂಟ್ ಇಲ್ಲ. ಕರೆಂಟ್ ಬಂತು, ಆರ್ಡರ್ ಬರಲಿಲ್ಲ. ಮಳೆಗೆ ಯಾರು ತಕ್ಕೊಳ್ತಾರೆ ಎಂದು ನಾವೂ ಸುಮ್ಮನಿದ್ದೆವು. ಹನ್ನೊಂದನೇ ದಿನ ಧಾರವಾಡದಿಂದ ಫೋನ್: “ಹಣಾ ಕಟ್ಟಿ ವಾರ ಆತ್ರೀ, ಏನೂ ಬಂದಿಲ್ಲ.” ಅಂಗಡಿ ತೆರೆದು ನೋಡಿದರೆ 17 ಆರ್ಡರ್ ಕಾಯುತ್ತಿದ್ದವು.

ಆದದ್ದು ಇಷ್ಟು. ಸುದ್ದಿ ಸಾಲಾಗಿ ಐದು ಸಲ ತಲುಪದಿದ್ದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನು ನಿಲ್ಲಿಸಿಬಿಡುತ್ತದೆ. ಅದರ ಕ್ರಮವೇ ಹಾಗೆ. ಮತ್ತೆ ನಾವೇ ಹೋಗಿ ಚಾಲೂ ಮಾಡಬೇಕು. ನಮಗದು ಗೊತ್ತಿರಲಿಲ್ಲ.

ಈಗ ಇಆರ್‌ಪಿ ಬಾಡಿಗೆ ಸರ್ವರಿನಲ್ಲಿದೆ. ತಿಂಗಳಿಗೆ ಸಾವಿರ ರೂಪಾಯಿಯ ಒಳಗೆ ಆಗುತ್ತದೆ. ಅದರ ಮೇಲೆ ಹುಡುಗ ಒಂದು ಸಣ್ಣ ಪ್ರೋಗ್ರಾಂ ಬರೆದ. ಅದು ಅರ್ಧ ಗಂಟೆಗೊಮ್ಮೆ ತಾನೇ ಹೋಗಿ ಅಂಗಡಿಯನ್ನು ಕೇಳುತ್ತದೆ, ಹೊಸತು ಏನಾದರೂ ಉಂಟೋ ಎಂದು. ಅಂಚೆಯವರನ್ನು ಕಾಯುವುದರ ಜೊತೆಗೆ ನಾವೇ ಅಂಚೆ ಕಚೇರಿಗೆ ಹೋಗಿ ವಿಚಾರಿಸಿದ ಹಾಗೆ. ಮೊದಲ ವಾರ ಅದೂ ಎಡವಿತು. ಒಂದೇ ಆರ್ಡರ್ ಎರಡು ದಾರಿಯಲ್ಲಿ ಬಂದು ಎರಡು ಬಿಲ್ ಆಯಿತು. ಅಂಗಡಿಯ ಆರ್ಡರ್ ಸಂಖ್ಯೆಯನ್ನು ಇಆರ್‌ಪಿಯಲ್ಲೂ ಬರೆದು, ಅದೇ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡು ಎಂದು ಹೇಳಿದ ಮೇಲೆ ಸರಿಯಾಯಿತು.

ಎರಡರ ನಡುವೆ ಬೀಗದ ಕೈಯಂಥ ಗುಪ್ತ ಸಂಕೇತ ಇರುತ್ತದೆ. ಅದು, ಪಾಸ್‌ವರ್ಡ್‌ಗಳು, ದಿನದ ಲೆಕ್ಕದ ಪ್ರತಿ ಮೂರೂ ನಿಮ್ಮ ಮನೆಯಲ್ಲಿರಲಿ. ಹುಡುಗ ಮರುವರ್ಷ ಬೆಂಗಳೂರಿಗೆ ಹೋದ. ಬರೆದಿಟ್ಟುಕೊಳ್ಳದಿದ್ದರೆ ನಮ್ಮದೇ ಅಂಗಡಿಯ ಹೊರಗೆ ನಾವು ನಿಲ್ಲಬೇಕಿತ್ತು.

ವಾರಕ್ಕೆ ಹತ್ತು ಆರ್ಡರ್ ಇರುವವರಿಗೆ ಇದು ಬೇಡ. ಪುಸ್ತಕ ಸಾಕು, ಆದರೆ ದಿನಾ ಸಂಜೆ ಅಂಗಡಿಯ ಸಂಖ್ಯೆ ತಿದ್ದಬೇಕು. ನಾಲ್ಕಾರು ಕಡೆಯಿಂದ ಒಂದೇ ಉಗ್ರಾಣ ಖಾಲಿಯಾಗುವವರಿಗೆ ಬೇಕು. ಆಗಲೂ ಕಷ್ಟದ ಕೆಲಸ ಯಂತ್ರದ್ದಲ್ಲ. ಅತ್ತಿಗೆ ಬಂದು ಎರಡು ಕಟ್ಟು ಒಯ್ದರೆ ಆಗಲೇ ಬರೆಯಬೇಕು, ರಾತ್ರಿ ಬರೆದರಾಯಿತು ಎಂದರೆ ಆಗಲಿಲ್ಲ. ಮನೆಯಾಕೆ ಈಗ ಮೊಬೈಲಿನಲ್ಲೇ ಬರೆಯುತ್ತಾಳೆ. ಆದರೂ ಹತ್ತು ಕಟ್ಟನ್ನು ‘ಮನೆ ಕೋಣೆ’ ಎಂಬ ಬೇರೆ ಗೋದಾಮಿನ ಹೆಸರಿನಲ್ಲಿ ಇಟ್ಟಿದ್ದೇವೆ. ಅದು ಅಂಗಡಿಗೆ ಕಾಣುವುದಿಲ್ಲ. ನೆಂಟರಿಗೂ ಮರೆವಿಗೂ ಅಷ್ಟು ಬೇಕಾಗುತ್ತದೆ.

2025ರಲ್ಲಿ 1,310 ಕಟ್ಟು ಮಾಡಿದ್ದೆವು. ಆಗಸ್ಟ್ ಕೊನೆಗೆ ಮುಗಿಯಿತು. ಮುಗಿದ ನಿಮಿಷವೇ ಅಂಗಡಿ ‘ಮುಗಿದಿದೆ’ ಎಂದು ತೋರಿಸಿತು. ಹಣ ಹಿಂದೆ ಕೊಡುವ ಪ್ರಸಂಗ ಒಂದೂ ಬರಲಿಲ್ಲ.

ಸರಿಯಾಗದೆ ಉಳಿದದ್ದು ಒಂದು. ದಾರಿಯಲ್ಲಿ ಪುಡಿಯಾಗಿ ವಾಪಸು ಬಂದ ಕಟ್ಟನ್ನು ಆರ್ಡರ್ ರದ್ದಾದ ಕೂಡಲೇ ಲೆಕ್ಕ ತಾನೇ ಮತ್ತೆ ದಾಸ್ತಾನಿಗೆ ಸೇರಿಸುತ್ತದೆ. ಹಪ್ಪಳ ಹೋಗಿ ಹುಡಿಯಾದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಸದ್ಯ ಮನೆಯಾಕೆ ಪೆಟ್ಟಿಗೆ ಬಿಚ್ಚಿ ನೋಡಿ, ‘ತುಂಡು’ ಎಂಬ ಗೋದಾಮಿಗೆ ಕೈಯಲ್ಲೇ ದಾಟಿಸುತ್ತಾಳೆ.